ಅಂಗಿಯೊಳಗೆ ಬಚ್ಚಿಟ್ಟ ಕಾಲರ್ ಮೈಕ್ ಯಾಕೆ ಕರಕರ ಅನ್ನುತ್ತದೆ?

ಪ್ರಶ್ನೆ: ನಾನು ಸಂದರ್ಶನಗಳನ್ನೂ ಕಿರುಚಿತ್ರಗಳನ್ನೂ ಚಿತ್ರೀಕರಿಸುತ್ತೇನೆ. ನನ್ನ ಹತ್ತಿರ ಒಂದು ವೈರ್‌ಲೆಸ್ ಸೆಟ್ ಇದೆ, ಅದಕ್ಕೆ ಸಾಧಾರಣ ಬೆಲೆಯ ಕಾಲರ್ ಮೈಕ್ ಹಾಕುತ್ತೇನೆ. ಕ್ಲಿಪ್ ಹಾಕಿ ಅಂಗಿಯ ಮೇಲೆ ಸಿಕ್ಕಿಸಿದರೆ ಧ್ವನಿ ಚೆನ್ನಾಗಿ ಬರುತ್ತದೆ. ಮೈಕ್ ಕಾಣಬಾರದು ಅಂತ ಬಟ್ಟೆಯೊಳಗೆ ಬಚ್ಚಿಟ್ಟ ಕೂಡಲೇ ಕರಕರ, ಸರಸರ ಶುರುವಾಗುತ್ತದೆ. ಮೈಕಿಗೆ ಸ್ಪಂಜು ಸುತ್ತಿ ನೋಡಿದೆ, ಮೇಲೆ ಇನ್ನಷ್ಟು ಟೇಪ್ ಹಾಕಿದೆ. ಸದ್ದು ಹೋಗಲಿಲ್ಲ, ಮಾತು ಮಾತ್ರ ಮಂಕಾಯಿತು. ದುಬಾರಿ ಮೈಕ್ ಕೊಳ್ಳಲೇಬೇಕಾ? ಈಗಾಗಲೇ ಹಾಳಾಗಿರುವ ಒಂದು ಸಂದರ್ಶನವನ್ನು ಉಳಿಸಿಕೊಳ್ಳಲು ದಾರಿ ಇದೆಯಾ?

ಉತ್ತರ: ಮೈಕನ್ನು ಸದ್ಯಕ್ಕೆ ಬದಲಿಸಬೇಡಿ. ಹೊರಗೆ ಸಿಕ್ಕಿಸಿದಾಗ ಚೆನ್ನಾಗಿ ಕೇಳುತ್ತದೆ ಅಂದಮೇಲೆ ಅದರಲ್ಲಿ ದೋಷವಿಲ್ಲ. ಅಲ್ಲಿ ಕ್ಲಿಪ್ ಎರಡು ಕೆಲಸ ಮಾಡುತ್ತಿತ್ತು. ಮೈಕನ್ನು ಬಟ್ಟೆಗೆ ಬಿಗಿಯಾಗಿ ಹಿಡಿದಿತ್ತು. ಮೈಕಿನ ಮುಖಕ್ಕೆ ಏನೂ ತಾಕದಂತೆ ಅದನ್ನು ಸ್ವಲ್ಪ ಎತ್ತಿಯೂ ಇಟ್ಟಿತ್ತು. ನೀವು ಕ್ಲಿಪ್ ತೆಗೆದು ಒಳಗೆ ತೂರಿಸಿದಾಗ ಎರಡೂ ಹೋದವು. ಮೇಲಿಂದ ಇನ್ನೊಂದು ಪದರ ಬಟ್ಟೆ ಬೇರೆ ಬಂದು ಕೂತಿತು.

ಉಜ್ಜಾಟವಿಲ್ಲದೆ ಈ ಸದ್ದು ಹುಟ್ಟುವುದಿಲ್ಲ. ಉಜ್ಜಾಟ ಆಗಬೇಕಾದರೆ ಒಂದು ವಸ್ತು ಇನ್ನೊಂದರ ಮೇಲೆ ಜಾರಬೇಕು. ಹಾಗಾಗಿ ಮೈಕಿಗೆ ತಾಕುವುದೆಲ್ಲ ಮೈಕಿನ ಜೊತೆಗೇ ಅಲುಗಬೇಕು. ಮುಂದಿನ ಅಂಗಿ, ಹಿಂದಿನ ಬನಿಯನ್ ಅಥವಾ ಚರ್ಮ, ಕೆಳಗಿನ ಕೇಬಲ್, ಎಲ್ಲವೂ. ಮನುಷ್ಯ ಅಲುಗದೇ ಕೂರುವಂತೆ ಮಾಡುವುದು ಸಾಧ್ಯವಿಲ್ಲ, ಅದು ಬೇಕಾಗಿಯೂ ಇಲ್ಲ. ಅವನು ಅಲುಗಿದಾಗ ಮೈಕ್, ಬಟ್ಟೆ, ಮೈ ಮೂರೂ ಒಂದೇ ತುಂಡಾಗಿ ಅಲುಗಿದರೆ ಸಾಕು.

ನಿಮ್ಮ ಸ್ಪಂಜು ಸೋತದ್ದೂ ಇಲ್ಲೇ. ಮೆತ್ತಗಿರುವುದನ್ನು ಸುತ್ತಿದರೆ ಸದ್ದು ಕಡಿಮೆಯಾಗುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಸ್ಪಂಜು ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ಅಂಗಿ ಅದರ ಮೇಲೆ ಜಾರುತ್ತಲೇ ಇತ್ತು, ಆ ಜಾರಾಟ ಸ್ಪಂಜಿನ ಮೂಲಕ ನೇರ ಮೈಕಿಗೆ ಹೋಗುತ್ತಿತ್ತು. ಟೇಪನ್ನೂ ನೀವು ಮೈಕಿನ ಮೇಲೆ ಹಾಕಿದ್ದೀರಿ, ಅಂಗಿಗೂ ಮೈಕಿಗೂ ನಡುವೆ ಅಂಟುವಂತೆ ಹಾಕಿಲ್ಲ ಅನ್ನಿಸುತ್ತದೆ.

ಮೊದಲು ಯಾವ ಸದ್ದು ಅಂತ ಗುರುತಿಸಿ

ಟೇಪಿಗೆ ಕೈ ಹಾಕುವ ಮುಂಚೆ ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿಕೊಳ್ಳಿ. ಬಟ್ಟೆಯಿಂದ ಬರುವ ಸದ್ದೆಲ್ಲ ಒಂದೇ ಅಲ್ಲ. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ಬಹಳ ಜನ ಸುಮ್ನೆ ಟೇಪ್ ಮೇಲೆ ಟೇಪ್ ಹಾಕುತ್ತಾ ಸುಸ್ತಾಗುವುದು ಇದನ್ನು ನೋಡದೇ ಇರುವುದರಿಂದ.

ಕರಕರ, ಪರಪರ ಅಂತ ಜೋರಾಗಿ, ಕಿವಿಯೊಳಗೇ ಕೆರೆದ ಹಾಗೆ ಕೇಳಿದರೆ ಬಟ್ಟೆ ನೇರವಾಗಿ ಮೈಕಿಗೆ ಉಜ್ಜುತ್ತಿದೆ. ಹೊರಗಿನಿಂದ ಅಂಗಿಯನ್ನೂ ಒಳಗಿನ ಮೈಕನ್ನೂ ಸೇರಿಸಿ ಎರಡು ಬೆರಳಲ್ಲಿ ಹಿಡಿದುಕೊಂಡು, ಆ ವ್ಯಕ್ತಿಗೆ ಸ್ವಲ್ಪ ಅಲುಗಲು ಹೇಳಿ. ಸದ್ದು ನಿಂತಿತು ಅಂದರೆ ಕಾರಣ ಇದೇ.

ಧಪ್, ಗುಡುಗುಡು ಅಂತ ತಗ್ಗಿನ ಸದ್ದು, ಅದರಲ್ಲೂ ನಡೆಯುವಾಗ, ಸೊಂಟ ತಿರುಗಿಸುವಾಗ ಬಂದರೆ ಅದು ಕೇಬಲ್‌ನಿಂದ. ಮೈಕಿನಿಂದ ಒಂದಡಿ ಕೆಳಗೆ ಕೇಬಲ್ ಮೇಲೆ ಉಗುರು ಎಳೆದು ನೋಡಿ. ಅಷ್ಟು ದೂರದ ಗೀರು ಕೂಡ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕೇಬಲ್‌ನ ಕಂಪನ ಅದರ ಉದ್ದಕ್ಕೂ ಹರಿದು ಮೈಕಿನೊಳಗಿನ ಪೊರೆಯನ್ನು ಅಲುಗಿಸುತ್ತದೆ.

ಮೂರನೆಯದು ಸರಸರ. ಮೈಕಿಗೆ ಏನೂ ತಾಕುತ್ತಿಲ್ಲ, ಕೇಬಲ್ಲೂ ಸರಿಯಿದೆ, ಆದರೂ ಕೈ ಎತ್ತಿದಾಗಲೆಲ್ಲ ಸದ್ದು. ಇದು ತೋಳಿನ ಬಟ್ಟೆ ಪಕ್ಕೆಯ ಬಟ್ಟೆಗೆ ಉಜ್ಜಿ ಗಾಳಿಯಲ್ಲಿ ಹುಟ್ಟುವ ನಿಜವಾದ ಶಬ್ದ. ಹೆಡ್‌ಫೋನ್ ತೆಗೆದು ಹತ್ತಿರ ನಿಂತು ಕೇಳಿ. ಬರಿಗಿವಿಗೆ ಕೇಳಿಸಿತು ಅಂದರೆ ಮೈಕಿಗೂ ಕೇಳಿಸುತ್ತದೆ. ಯಾವ ಟೇಪೂ ಇದನ್ನು ನಿಲ್ಲಿಸಲಾರದು. ಬಟ್ಟೆಯನ್ನೇ ಬದಲಿಸಬೇಕು, ಇಲ್ಲವೇ ಬಟ್ಟೆಗೆ ಏನಾದರೂ ಮಾಡಬೇಕು.

ಒಣ ಹವೆಯಲ್ಲಿ, ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯಲ್ಲಿ ಕೆಲವೊಮ್ಮೆ ಚಟಚಟ ಅನ್ನುತ್ತದೆ. ಅದು ಸ್ಥಾಯಿ ವಿದ್ಯುತ್ತಿನ ಕಿಡಿ. ಇನ್ನೊಂದು ಮೋಸ ಮಾಡುವ ಸದ್ದೂ ಇದೆ. ವೈರ್‌ಲೆಸ್ ಸಿಗ್ನಲ್ ಕಡಿದಾಗ ಟಕ್ ಟಕ್ ಅನ್ನುತ್ತದೆ, ಆದರೆ ಆ ಕ್ಷಣ ಮಾತೂ ಕಡಿದುಹೋಗಿರುತ್ತದೆ. ಉಜ್ಜಾಟದಲ್ಲಿ ಮಾತು ಕಡಿಯುವುದಿಲ್ಲ, ಮಾತಿನ ಮೇಲೆ ಸದ್ದು ಕೂರುತ್ತದೆ ಅಷ್ಟೇ.

ಎರಡು ತ್ರಿಕೋನ, ನಡುವೆ ಮೈಕ್

ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮುಖ್ಯ ತೊಂದರೆ ಮೊದಲನೆಯದು. ಇದಕ್ಕೆ ಸೌಂಡ್ ರೆಕಾರ್ಡಿಸ್ಟ್‌ಗಳು ಬಹಳ ಕಾಲದಿಂದ ಮಾಡಿಕೊಂಡು ಬಂದಿರುವ ಉಪಾಯ ಇದೆ. ಖರ್ಚಿಲ್ಲ, ಒಂದು ಸುರುಳಿ ಬಟ್ಟೆ ಟೇಪ್ ಸಾಕು. ಗ್ಯಾಫರ್ ಟೇಪ್ ಸಿಕ್ಕರೆ ಒಳ್ಳೆಯದು, ಯಾಕೆಂದರೆ ಅದರ ಅಂಟು ಬಟ್ಟೆಯ ಮೇಲೆ ಅಷ್ಟಾಗಿ ಉಳಿಯುವುದಿಲ್ಲ.

ಒಂದಿಂಚು ಅಗಲದ ಟೇಪನ್ನು ಸುಮಾರು 10 ಸೆಂಟಿಮೀಟರ್ ಕತ್ತರಿಸಿ. ಅಂಟಿನ ಕಡೆ ಹೊರಗೆ ಬರುವ ಹಾಗೆ ಒಂದು ಮೂಲೆಯಿಂದ ಓರೆಯಾಗಿ ಮಡಿಸುತ್ತಾ ಹೋಗಿ. ಕೊನೆಗೆ ಎಲ್ಲ ಕಡೆಯೂ ಅಂಟುವ ಒಂದು ಪುಟ್ಟ ದಪ್ಪ ತ್ರಿಕೋನ ಸಿಗುತ್ತದೆ. ಇಂಥದ್ದು ಎರಡು ಮಾಡಿ. ಒಂದರ ಮೇಲೆ ಮೈಕನ್ನು ಮಲಗಿಸಿ, ಇನ್ನೊಂದನ್ನು ಮೇಲೆ ಒತ್ತಿ. ಮೈಕಿನ ತುದಿ, ಅಂದರೆ ಧ್ವನಿ ಒಳಗೆ ಹೋಗುವ ಜಾಲರಿ, ಟೇಪಿನ ಅಂಚಿಗೆ ಸಮನಾಗಿರಲಿ. ಜಾಲರಿಯ ಮೇಲೆ ಟೇಪ್ ಬರಲೇಬಾರದು. ತುದಿ ತೀರಾ ಹೊರಗೆ ಚಾಚಿಕೊಳ್ಳುವುದೂ ಬೇಡ. ಈಗ ಹಿಂದಿನ ಮುಖವನ್ನು ಬನಿಯನ್ ಅಥವಾ ಚರ್ಮಕ್ಕೆ, ಮುಂದಿನ ಮುಖವನ್ನು ಅಂಗಿಯ ಒಳಮೈಗೆ ಅಂಟಿಸಿ ಗಟ್ಟಿಯಾಗಿ ಒತ್ತಿ.

ಇಲ್ಲಿ ಟೇಪಿನ ಅಂಟಿನಷ್ಟೇ ಅದರ ದಪ್ಪವೂ ಕೆಲಸ ಮಾಡುತ್ತದೆ. ಮಡಿಸಿದ ಟೇಪು ಮೈಕಿಗಿಂತ ದಪ್ಪ ಇರುವುದರಿಂದ ಅಂಗಿ ಡೇರೆಯ ಹಾಗೆ ಮೈಕಿನ ತುದಿಯ ಮೇಲೆ ಸ್ವಲ್ಪ ಎತ್ತಿ ನಿಲ್ಲುತ್ತದೆ. ಜಾಲರಿಯ ಸುತ್ತ ಚೂರು ಗಾಳಿ ಉಳಿಯುತ್ತದೆ. ಉಜ್ಜಾಟ ನಿಲ್ಲುತ್ತದೆ, ಮಾತೂ ಮಂಕಾಗುವುದಿಲ್ಲ. ಮೈಕ್ ತೀರಾ ಸಣ್ಣದಾದರೆ ತ್ರಿಕೋನವನ್ನೂ ಸಣ್ಣದಾಗಿ ಮಾಡಿ. ಇಲ್ಲದಿದ್ದರೆ ಎದೆಯ ಮೇಲೆ ಗಂಟು ಎದ್ದ ಹಾಗೆ ಕಾಣುತ್ತದೆ.

ಜಾಲರಿ ತುದಿಯಲ್ಲಿದೆಯೋ ಬದಿಯಲ್ಲಿದೆಯೋ ಅಂತ ನೋಡಿಕೊಳ್ಳಿ. ಟ್ರಾಮ್ ಟಿಆರ್-50 ತರದ ಚಪ್ಪಟೆ ಮೈಕುಗಳಲ್ಲಿ ಧ್ವನಿ ಹೋಗುವ ಜಾಗ ಅಗಲವಾದ ಮುಖದಲ್ಲೇ ಇರುತ್ತದೆ. ಆ ಮುಖವನ್ನು ಟೇಪಿನಿಂದ ಮುಚ್ಚಿದರೆ ಏನೂ ಕೇಳಿಸದು. ಅಂಥದ್ದಕ್ಕೆ ಒಂದೇ ತ್ರಿಕೋನ ಹಿಂದೆ, ಮುಂದೆ ಎರಡು ಬದಿಗೆ ಸಣ್ಣ ಪಟ್ಟಿ.

ನಾಜೂಕಾದ ರೇಷ್ಮೆ, ತೆಳು ಬಟ್ಟೆಗೆ ಗ್ಯಾಫರ್ ಟೇಪ್ ಅಂಟಿಸಬೇಡಿ, ತೆಗೆಯುವಾಗ ಎಳೆ ಕಿತ್ತು ಬರಬಹುದು. ವಿಗ್ ಅಂಟಿಸಲು ಬಳಸುವ ಪಾರದರ್ಶಕ ಡಬಲ್ ಸೈಡ್ ಟೇಪ್ ಇದಕ್ಕೆ ಒಳ್ಳೆಯದು. ಮೋಲ್‌ಸ್ಕಿನ್ ಅಂತ ಇನ್ನೊಂದಿದೆ. ಒಂದು ಕಡೆ ಅಂಟು, ಇನ್ನೊಂದು ಕಡೆ ಮೆತ್ತನೆಯ ಹತ್ತಿ. ಶೂ ಉಜ್ಜಿ ಕಾಲಿಗೆ ಗುಳ್ಳೆ ಬರದಿರಲಿ ಅಂತ ಹಚ್ಚಿಕೊಳ್ಳುವ ಸಾಮಾನು. ಧ್ವನಿ ವಿಭಾಗದವರ ಪೆಟ್ಟಿಗೆಯಲ್ಲಿ ಇದು ಯಾವಾಗಲೂ ಇರುತ್ತದೆ. ಮೈಕಿನ ಸುತ್ತ ಬರುವ ಗುಂಡಿ, ಹೊಲಿಗೆ, ಗಟ್ಟಿ ಅಂಚುಗಳ ಮೇಲೆ ಒಂದು ತುಂಡು ಹಚ್ಚಿದರೆ ಅವು ಮೈಕಿಗೆ ಬಡಿಯುವ ಸದ್ದು ಅಡಗುತ್ತದೆ.

ಸಿದ್ಧ ಹೋಲ್ಡರ್‌ಗಳೂ ಸಿಗುತ್ತವೆ. ರೈಕೋಟ್‌ನ ಅಂಡರ್‌ಕವರ್ಸ್, ಬಬಲ್‌ಬೀ ಕಂಪನಿಯ ಲಾವ್ ಕನ್ಸೀಲರ್ ಇವೆಲ್ಲ ಮಾಡುವುದು ಇದೇ ಕೆಲಸ: ಮೈಕನ್ನು ಹಿಡಿದು, ಬಟ್ಟೆಯನ್ನು ದೂರ ಇಡುವುದು. ರಬ್ಬರಿನಂಥ ಹೋಲ್ಡರ್ ಕೊಳ್ಳುವಾಗ ನಿಮ್ಮ ಮೈಕಿನ ಮಾದರಿಗೇ ಮಾಡಿದ್ದನ್ನು ಕೊಳ್ಳಿ. ಸಡಿಲವಾದ ಹೋಲ್ಡರ್ ಇದ್ದರೆ ಮೈಕ್ ಅದರೊಳಗೇ ಅಲ್ಲಾಡಿ ಹೊಸ ಸದ್ದು ಮಾಡುತ್ತದೆ. ದಿನಾ ಹಲವರಿಗೆ ಮೈಕ್ ಕಟ್ಟುವವರಿಗೆ ಇವು ಸಮಯ ಉಳಿಸುತ್ತವೆ. ತಿಂಗಳಿಗೊಮ್ಮೆ ಚಿತ್ರೀಕರಿಸುವವರಿಗೆ ತ್ರಿಕೋನವೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೇಬಲ್‌ಗೆ ಒಂದು ಸುತ್ತು

ಮೈಕಿನ ಕೆಳಗೆ ಕೇಬಲ್‌ನಲ್ಲಿ ಎರಡು ಮೂರು ಸೆಂಟಿಮೀಟರ್ ಅಗಲದ ಒಂದು ಸುತ್ತು ಮಾಡಿ, ಸುತ್ತು ಸೇರುವ ಜಾಗದಲ್ಲಿ ತೆಳ್ಳಗೆ ಟೇಪ್ ಹಾಕಿ. ಕೆಳಗಿನಿಂದ ಬರುವ ಎಳೆತ ಮೈಕ್ ತನಕ ಹೋಗದೆ ಈ ಸುತ್ತಿನಲ್ಲೇ ಸತ್ತುಹೋಗುತ್ತದೆ. ಸುತ್ತು ಸಡಿಲವಾಗಿರಲಿ. ಬಿಗಿದು ಗಂಟು ಹಾಕಿದರೆ ಕಂಪನ ನೇರ ದಾಟುತ್ತದೆ, ಕ್ರಮೇಣ ಒಳಗಿನ ತಂತಿಯೂ ತುಂಡಾಗುತ್ತದೆ.

ಸುತ್ತಿನಿಂದ ಒಂದು ಹಿಡಿಯಷ್ಟು ಕೆಳಗೆ ಕೇಬಲನ್ನು ಮತ್ತೊಮ್ಮೆ ಬಟ್ಟೆಗೆ ಅಥವಾ ಮೈಗೆ ಅಂಟಿಸಿ. ಅಲ್ಲಿಂದ ಸೊಂಟದ ತನಕ ಸ್ವಲ್ಪ ಹೆಚ್ಚುವರಿ ಉದ್ದ ಬಿಡಿ. ಮೈಕ್ ಕಟ್ಟಿಸಿಕೊಂಡವರು ನೆಟ್ಟಗೆ ನಿಂತಿರುವಾಗ ಕೇಬಲ್ ಸರಿಯಾಗಿದೆ ಅಂತ ಕಂಡರೂ, ಕೈ ಮೇಲೆತ್ತಿದಾಗ ಬಿಗಿಯುತ್ತದೆ. ಹಾಗಾಗಿ ಅಂಟಿಸುವ ಮುಂಚೆ ಒಮ್ಮೆ ಎರಡೂ ಕೈ ಎತ್ತಿಸಿ, ಒಮ್ಮೆ ಬಗ್ಗಿಸಿ ನೋಡಿ. ಉಳಿದ ಕೇಬಲನ್ನು ಟ್ರಾನ್ಸ್‌ಮಿಟರ್ (ಧ್ವನಿಯನ್ನು ವೈರ್‌ಲೆಸ್ ಆಗಿ ಕಳಿಸುವ ಡಬ್ಬಿ) ಪಕ್ಕದಲ್ಲಿ ಸಡಿಲವಾಗಿ ಸುರುಳಿ ಮಾಡಿ ಕಟ್ಟಿ, ಆಂಟೆನಾ ಜೊತೆಗೆ ಮಾತ್ರ ಸುತ್ತಬೇಡಿ.

ಎದೆಯಲ್ಲಿ ಎಲ್ಲಿ?

ಗದ್ದದಿಂದ ಒಂದು ಗೇಣು ಕೆಳಗೆ, ಎದೆಮೂಳೆಯ ಮೇಲೆ, ನಡುಮಧ್ಯ. ಬಹುತೇಕ ಸಲ ಉತ್ತರ ಇಷ್ಟೇ. ಎದೆಮೂಳೆಯ ಮೇಲೆ ಮಾಂಸಖಂಡ ಕಡಿಮೆ, ಅಲ್ಲಿ ಬಟ್ಟೆಯ ಜಾರಾಟವೂ ಕಡಿಮೆ. ನಡುವಿನಲ್ಲಿದ್ದರೆ ತಲೆ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಧ್ವನಿ ಅಷ್ಟಾಗಿ ಬದಲಾಗುವುದಿಲ್ಲ.

ಇನ್ನೂ ಮೇಲೆ ಇಟ್ಟರೆ ಬಾಯಿಗೆ ಹತ್ತಿರ, ಧ್ವನಿ ಇನ್ನೂ ಚೆನ್ನಾಗಿರಬೇಕಲ್ವಾ? ಹಾಗಾಗುವುದಿಲ್ಲ. ಗಂಟಲಿನ ಗುಳಿಯ ಹತ್ತಿರ ಇಟ್ಟರೆ ಗದ್ದ ಅಡ್ಡ ಬರುತ್ತದೆ. ಸ, ಶ, ತ, ಕ ತರದ ಅಕ್ಷರಗಳಿಗೆ ಚುರುಕು ಕೊಡುವ ಮೇಲಿನ ಕಂಪನಾಂಕಗಳು ಗದ್ದದ ಕೆಳಗೆ ಸರಿಯಾಗಿ ತಲುಪುವುದಿಲ್ಲ. ತಲೆ ತಗ್ಗಿಸಿದಾಗಲಂತೂ ಧ್ವನಿ ಪೂರ್ತಿ ಬದಲಾಗುತ್ತದೆ. ತೀರಾ ಕೆಳಗೆ, ಹೊಟ್ಟೆಯ ಹತ್ತಿರ ಇಟ್ಟರೆ ಕೋಣೆಯ ಗದ್ದಲ ಜಾಸ್ತಿ. ಬಾಯಿಯಿಂದ ಮೈಕಿನ ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಮೈಕನ್ನು ತಲೆಕೆಳಗಾಗಿ ಇಟ್ಟರೂ ನಡೆಯುತ್ತದೆ. ಕಾಲರ್ ಮೈಕುಗಳಲ್ಲಿ ಹೆಚ್ಚಿನವು ಓಮ್ನಿ, ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳಿಸಿಕೊಳ್ಳುತ್ತವೆ. ಮೂಗಿನಿಂದ ಕೆಳಗೆ ಬೀಸುವ ಉಸಿರು ನೇರ ಜಾಲರಿಗೆ ಹೊಡೆಯುತ್ತಿದ್ದರೆ ತಲೆಕೆಳಗು ಮಾಡುವುದೇ ಪರಿಹಾರ. ನಿಮ್ಮದು ಒಂದೇ ದಿಕ್ಕಿನಿಂದ ಕೇಳುವ ಕಾರ್ಡಿಯಾಯ್ಡ್ ಕಾಲರ್ ಮೈಕ್ ಆಗಿದ್ದರೆ ಮಾತ್ರ ನಾನು ಮೊದಲು ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ, ಬದಲಿಸಿ. ಅಂಥ ಮೈಕಿಗೆ ಸ್ಪರ್ಶದ ಸದ್ದೂ ಗಾಳಿಯ ಸದ್ದೂ ಜಾಸ್ತಿ ಹತ್ತುತ್ತದೆ. ಬಟ್ಟೆ ಅದರ ಹಿಂಬದಿಯ ರಂಧ್ರ ಮುಚ್ಚಿದರೆ ದಿಕ್ಕು ಹಿಡಿಯುವ ಗುಣವೂ ಕೆಡುತ್ತದೆ. ವೇದಿಕೆಯಲ್ಲಿ ಸ್ಪೀಕರ್ ಕೂಗುವುದನ್ನು ತಡೆಯಲು ಅದು ಸರಿ, ಅಂಗಿಯೊಳಗೆ ಅಲ್ಲ.

ಉಡುಪು ನೋಡಿ ಜಾಗ

ಗುಂಡಿ ಇರುವ ಅಂಗಿ ಅಂದರೆ ನಮಗೆ ಖುಷಿ. ಗುಂಡಿಪಟ್ಟಿಯಲ್ಲಿ ಎರಡು ಪದರ ಬಟ್ಟೆ ಇರುತ್ತದೆ, ಎರಡು ಗುಂಡಿಗಳ ನಡುವೆ ಸಂದು ಇರುತ್ತದೆ. ಮೈಕನ್ನು ಆ ಎರಡು ಪದರದ ಮಧ್ಯೆ ಇಟ್ಟು ಎರಡೂ ಕಡೆ ಅಂಟಿಸಿ. ತುದಿ ಸಂದಿನ ಅಂಚಿಗೆ ಬಂದರೆ ಬಟ್ಟೆಯ ಅಡ್ಡಿಯೇ ಇಲ್ಲ, ಹೊರಗಿಟ್ಟಷ್ಟೇ ಚೆನ್ನಾಗಿ ಕೇಳುತ್ತದೆ. ಕ್ಯಾಮೆರಾ ತೀರಾ ಹತ್ತಿರ ಬರದಿದ್ದರೆ ಯಾರಿಗೂ ಕಾಣಿಸದು. ಅಂಗಿಯ ಬಣ್ಣಕ್ಕೆ ಹೊಂದುವ ಟೇಪ್ ಇದ್ದರೆ ಇನ್ನೂ ಒಳ್ಳೆಯದು.

ಟೀ ಶರ್ಟ್ ಕಷ್ಟ. ಸಂದಿಲ್ಲ, ಮಡಿಕೆ ಇಲ್ಲ, ಬಟ್ಟೆ ಎದೆಯ ಮೇಲೆ ಜಾರುತ್ತಲೇ ಇರುತ್ತದೆ. ಇಲ್ಲಿ ಚರ್ಮ ಮತ್ತು ಬಟ್ಟೆ ಎರಡಕ್ಕೂ ಅಂಟಿಸುವುದು ಬಿಟ್ಟರೆ ಗತಿಯಿಲ್ಲ. ಮೈಕಿನ ಮೇಲೆ ಕೆಳಗೆ ಇನ್ನೆರಡು ಕಡೆಯೂ ಡಬಲ್ ಸೈಡ್ ಟೇಪಿನ ಚೂರುಗಳಿಂದ ಬಟ್ಟೆಯನ್ನು ಮೈಗೆ ಅಂಟಿಸಿ, ಒಟ್ಟು ಒಂದು ಅಂಗೈ ಅಗಲದ ಜಾಗ ಜಾರದಂತಾಗಲಿ. ಮೈಕ್ ಇರುವ ಬಿಂದುವಿಗೆ ಮಾತ್ರ ಅಂಟಿಸಿದರೆ ಸುತ್ತಲಿನ ಬಟ್ಟೆ ಎಳೆದು ಎಳೆದು ಅದನ್ನು ಬಿಚ್ಚಿಸುತ್ತದೆ. ಎದೆಯ ಸುತ್ತ ಕಟ್ಟುವ ಉರ್ಸಾ ತರದ ಎಲಾಸ್ಟಿಕ್ ಪಟ್ಟಿಗಳೂ ಇಲ್ಲಿ ಒಳ್ಳೆಯವು. ಚರ್ಮಕ್ಕೆ ಅಂಟು ತಾಕುವುದಿಲ್ಲ.

ಟೈ ಕಟ್ಟಿದ್ದರೆ ಗಂಟಿನ ಒಳಗೆ ಹಿಂದಿನಿಂದ ತೂರಿಸಬಹುದು. ಮೈಕಿನ ತುದಿ ಗಂಟಿನ ಕೆಳಅಂಚಿಗೆ ಬರಲಿ, ಕೇಬಲ್ ಟೈ ಹಿಂದಿನಿಂದ ಇಳಿದು ಅಂಗಿಯ ಗುಂಡಿಗಳ ಸಂದಿನಲ್ಲಿ ಒಳಗೆ ಹೋಗಲಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಟೈ ಅಂಗಿಯ ಮೇಲೆ ಅತ್ತಿತ್ತ ಆಡುವ ಸದ್ದು ಆಮೇಲೆ ಕೇಳಿಸುತ್ತದೆ. ಗಂಟಿನ ಕೆಳಗೆ ಒಂದು ಚೂರು ಡಬಲ್ ಸೈಡ್ ಟೇಪ್ ಹಾಕಿ ಟೈಯನ್ನೇ ಅಂಗಿಗೆ ಅಂಟಿಸಿಬಿಡಿ.

ಕೋಟು, ಜಾಕೆಟ್ ಇದ್ದಾಗ ಅದರ ಮಡಿಕೆಯ ಹಿಂದೆ ಇಡುವ ಆಸೆ ಆಗುತ್ತದೆ. ನನಗೆ ಅದು ಇಷ್ಟವಿಲ್ಲ. ಒಂದು ಬದಿಗೆ ಬಿದ್ದಿರುವುದರಿಂದ ತಲೆ ಆಚೆ ತಿರುಗಿದ ಕೂಡಲೇ ಧ್ವನಿ ಇಳಿಯುತ್ತದೆ. ಜಾಕೆಟ್ ತೆರೆದು ಮುಚ್ಚುವುದೂ ಕೇಳುತ್ತದೆ. ಒಳಗಿನ ಅಂಗಿಯ ನಡುವಿಗೇ ಕಟ್ಟಿ, ಜಾಕೆಟ್ ಅದರ ಮೇಲೆ ಬರದಂತೆ ನೋಡಿಕೊಳ್ಳಿ. ಎಷ್ಟೇ ಪದರ ಹಾಕಿದ್ದರೂ ಮೈಕಿನ ಮುಂದೆ ಒಂದೇ ಪದರ ಇರಬೇಕು. ತೆಳು ಹತ್ತಿ ಒಂದು ಪದರ ಇದ್ದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ದಪ್ಪ ಉಣ್ಣೆ ಎರಡು ಪದರ ಬಂದರೆ ಮಾತು ಪಕ್ಕದ ಕೋಣೆಯಿಂದ ಬಂದಂತಿರುತ್ತದೆ.

ಬ್ರಾ ಧರಿಸಿದವರಿಗೆ ಎರಡು ಕಪ್‌ಗಳ ನಡುವಿನ ಪಟ್ಟಿ ಬಹಳ ಒಳ್ಳೆಯ ಜಾಗ. ಅಲ್ಲಿ ಮೇಲಿನ ಬಟ್ಟೆಗೂ ಮೈಗೂ ನಡುವೆ ಸಹಜವಾಗಿಯೇ ಗಾಳಿಯ ಸಂದು ಇರುತ್ತದೆ, ಮೈಕಿಗೆ ಬಟ್ಟೆ ತಾಕುವುದೇ ಕಡಿಮೆ. ಇದನ್ನು ನೀವು ಕಟ್ಟಬೇಕಾಗಿಲ್ಲ. ಸುತ್ತು ಹಾಕಿ ಟೇಪ್ ಸಿದ್ಧ ಮಾಡಿದ ಮೈಕನ್ನು ಕೈಗೆ ಕೊಟ್ಟು, ಎಲ್ಲಿ ಹೇಗೆ ಅಂತ ವಿವರಿಸಿ, ಅವರೇ ಮರೆಯಲ್ಲಿ ಹಾಕಿಕೊಂಡು ಬರಲಿ.

ಈ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಮೈಕ್ ಕಟ್ಟುವುದು ಅಂದರೆ ಅಪರಿಚಿತರ ಮೈ ಹತ್ತಿರ ಕೈ ಹೋಗುವ ಕೆಲಸ. ಏನು ಮಾಡುತ್ತಿದ್ದೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿ, ಕೇಬಲ್ ತುದಿಯನ್ನು ಅವರ ಕೈಗೇ ಕೊಟ್ಟು ಅಂಗಿಯೊಳಗಿಂದ ಇಳಿಸಲು ಹೇಳಿ. ಅಂಟು ಚರ್ಮಕ್ಕೆ ಅಲರ್ಜಿ ಆಗುತ್ತದಾ ಅಂತಲೂ ಕೇಳಿ. ಬಿಡುವಿನಲ್ಲಿ ಅವರು ಹೊರಗೆ ಹೋದಾಗ ನಿಮ್ಮ ಹೆಡ್‌ಫೋನಿನ ಧ್ವನಿ ಇಳಿಸಿಬಿಡಿ.

ಸರ, ಪದಕ, ಕುತ್ತಿಗೆಗೆ ಹಾಕಿದ ಗುರುತಿನ ಚೀಟಿ ಇವು ಮೈಕಿನ ಮೇಲೆ ಬಡಿಯುತ್ತಿದ್ದರೆ ಮೈಕನ್ನು ಸರಿಸಿ ಅಥವಾ ಸರವನ್ನು ಅಂಟಿಸಿ. ಉದ್ದ ಕೂದಲು ಎದೆಗೆ ಇಳಿದಿದ್ದರೆ ಅದೂ ಸದ್ದು ಮಾಡುತ್ತದೆ. ಶಾಲು, ಸ್ಕಾರ್ಫ್ ಇದ್ದರೆ ಅದರ ಒಳಗೆ ಬೇಡ. ಅದು ಯಾವಾಗಲೂ ಜಾರುತ್ತದೆ.

ಯಾವ ಜಾಗವೂ ಒಗ್ಗದಿದ್ದರೆ ಎದೆಯನ್ನೇ ಬಿಟ್ಟು ತಲೆಗೆ ಹೋಗಿ. ರಂಗಭೂಮಿಯಲ್ಲಿ ಮೈಕನ್ನು ಕೂದಲಿನ ಅಂಚಿನಲ್ಲಿ, ಹಣೆಯ ಮೇಲ್ಭಾಗದಲ್ಲಿ ಕಟ್ಟುವುದು ಮಾಮೂಲು. ಅಲ್ಲಿ ಬಟ್ಟೆಯೇ ಇಲ್ಲ, ಬಾಯಿಯಿಂದ ದೂರವೂ ತಲೆ ತಿರುಗಿಸಿದಾಗ ಬದಲಾಗದು. ಟೋಪಿ ಹಾಕಿದ ಪಾತ್ರವಾದರೆ ಅದರ ಅಂಚಿನ ಒಳಗೆ ಸಲೀಸಾಗಿ ಇಡಬಹುದು. ಇಂಥ ಜಾಗಕ್ಕೆ ಮೈಕ್ ಚಿಕ್ಕದಾದಷ್ಟೂ ಅನುಕೂಲ. ಕಂಟ್ರಿಮನ್ ಬಿ6 ಸುಮಾರು 2.5 ಮಿಲಿಮೀಟರ್, ಡಿಪಿಎ 6060 3 ಮಿಲಿಮೀಟರ್, ಸ್ಯಾಂಕೆನ್ ಸಿಒಎಸ್-11ಡಿ 4 ಮಿಲಿಮೀಟರ್ ದಪ್ಪ. ದುಬಾರಿ ಮೈಕಿಗೆ ಹಣ ಹಾಕುವುದಾದರೆ ಇಂಥ ಕಾರಣಕ್ಕೆ ಹಾಕಿ, ಕರಕರ ನಿಲ್ಲುತ್ತದೆ ಅಂತ ಅಲ್ಲ. ತಪ್ಪಾಗಿ ಕಟ್ಟಿದರೆ ಅವೂ ಕರಕರ ಅನ್ನುತ್ತವೆ.

ಬಟ್ಟೆಯೇ ಸದ್ದು ಮಾಡಿದರೆ

ಹತ್ತಿ, ಮೆತ್ತನೆಯ ಉಣ್ಣೆ, ಹಲವು ಸಲ ಒಗೆದು ಹಳತಾದ ಬಟ್ಟೆ ಇವು ಸುಮ್ಮನಿರುತ್ತವೆ. ಪಾಲಿಯೆಸ್ಟರ್, ನೈಲಾನ್, ಚರ್ಮದ ಜಾಕೆಟ್, ಗಂಜಿ ಹಾಕಿ ಇಸ್ತ್ರಿ ಮಾಡಿದ ಗರಿಗರಿ ಅಂಗಿ, ಬಿರುಸಾದ ರೇಷ್ಮೆ ಇವು ಗದ್ದಲ ಮಾಡುತ್ತವೆ. ಹೊಚ್ಚಹೊಸ ಬಟ್ಟೆಯಲ್ಲಿ ಕಾರ್ಖಾನೆಯ ಗಂಜಿ ಉಳಿದಿರುವುದರಿಂದ ಅದೂ ಬಿರುಸು. ಒಮ್ಮೆ ಮೆದುಗೊಳಿಸುವ ದ್ರವ ಹಾಕಿ ಒಗೆದರೆ ಎಷ್ಟೋ ಮೇಲು.

ಚಿತ್ರೀಕರಣದ ಮುಂಚೆಯೇ ಉಡುಪನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿ. ಇಷ್ಟು ಸುಲಭದ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಸಂದರ್ಶನವಾದರೆ ಹಿಂದಿನ ದಿನವೇ ಫೋನ್ ಮಾಡಿ ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಕೇಳಿಕೊಳ್ಳಿ. ಕಿರುಚಿತ್ರವಾದರೆ ವಸ್ತ್ರವಿನ್ಯಾಸದವರ ಜೊತೆ ಮೊದಲೇ ಮಾತಾಡಿ. ಸೆಟ್‌ನಲ್ಲಿ ಕ್ಯಾಮೆರಾ ಸಿದ್ಧವಾದ ಮೇಲೆ ಬಟ್ಟೆ ಬದಲಿಸಿ ಅಂದರೆ ಯಾರೂ ಕೇಳುವುದಿಲ್ಲ.

ಚಟಚಟ ಅನ್ನುವ ಬಟ್ಟೆಗೆ ಸ್ಥಾಯಿ ವಿದ್ಯುತ್ ತಡೆಯುವ ಸ್ಪ್ರೇ ಸಿಗುತ್ತದೆ. ಬಟ್ಟೆಯ ಒಳಮೈಗೆ ಸಿಂಪಡಿಸಿ, ಒಣಗಿದ ಮೇಲೆ ಮೈಕ್ ಕಟ್ಟಿ. ಮೈಕಿನ ಮೇಲೆ ಮಾತ್ರ ಸಿಂಪಡಿಸಬೇಡಿ.

ಬೆವರು ಬಂದಾಗ ಅಂಟು ಬಿಡುತ್ತದೆ. ಚರ್ಮವನ್ನು ಮೊದಲು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಿಸಿ, ಆಮೇಲೆ ಆಸ್ಪತ್ರೆಯಲ್ಲಿ ಬಳಸುವ ಟ್ರಾನ್ಸ್‌ಪೋರ್ ತರದ ಮೆಡಿಕಲ್ ಟೇಪ್ ಹಾಕಿ. ಅದರಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಚರ್ಮ ಉಸಿರಾಡುತ್ತದೆ, ಟೇಪ್ ಹೆಚ್ಚು ಹೊತ್ತು ನಿಲ್ಲುತ್ತದೆ. ಮಾತು ಇದ್ದಕ್ಕಿದ್ದಂತೆ ಮಂಕಾದರೆ ಜಾಲರಿಗೆ ಬೆವರಿನ ಹನಿ ಕೂತಿದೆ ಅಂತ ಅರ್ಥ. ಒರೆಸಿ, ಒಣಗಲು ಬಿಟ್ಟು, ಇನ್ನೊಂದು ಮೈಕ್ ಹಾಕಿ. ಹೊರಾಂಗಣದಲ್ಲಿ ಗಾಳಿ ಇದ್ದರೆ ಜಾಲರಿಗೆ ಪುಟ್ಟ ತುಪ್ಪಳದ ಹೊದಿಕೆ ಹಾಕಿ ಆಮೇಲೆ ಬಚ್ಚಿಡಿ. ಅಂಗಿ ಮರೆಯಾಗಿದೆ ಅಂತ ಗಾಳಿ ಬಿಡುವುದಿಲ್ಲ, ಬಟ್ಟೆಯೇ ಪಟಪಟ ಹೊಡೆದುಕೊಳ್ಳುತ್ತದೆ.

ಟ್ರಾನ್ಸ್‌ಮಿಟರ್ ಬಗ್ಗೆ ಎರಡೇ ಮಾತು. ಸೊಂಟದ ಹಿಂದೆ, ತೊಡೆಗೆ ಅಥವಾ ಕಣಕಾಲಿಗೆ ಕಟ್ಟಿ. ಆಂಟೆನಾ ನೇರವಾಗಿರಲಿ, ಬರಿ ಚರ್ಮಕ್ಕೆ ಒತ್ತದಿರಲಿ. ಒಳಗೇ ಮೈಕ್ ಇದ್ದು, ಅಂಗಿಗೆ ನೇರವಾಗಿ ಸಿಕ್ಕಿಸಲೂ ಬರುವ ಪುಟ್ಟ ಟ್ರಾನ್ಸ್‌ಮಿಟರ್ ಡಬ್ಬಿಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಆ ತರಂಗವನ್ನು ಮೈ ಚೆನ್ನಾಗಿಯೇ ತಡೆಯುತ್ತದೆ. ಡಬ್ಬಿ ರಿಸೀವರ್ ಇರುವ ಕಡೆಗೆ ಇರಲಿ. ಆ ಡಬ್ಬಿಯನ್ನೇ ಅಂಗಿಯೊಳಗೆ ಬಚ್ಚಿಡಲು ಹೋಗಬೇಡಿ, 3.5 ಮಿಲಿಮೀಟರ್ ಸಾಕೆಟ್ ಇದ್ದರೆ ಅದಕ್ಕೆ ಕಾಲರ್ ಮೈಕ್ ಹಾಕಿ.

ಕಟ್ಟಿಯಾಯಿತು. ಈಗ ಕೇಳಿ ನೋಡುವ ಸಮಯ. ಬಹಳ ಜನ “ಒಂದು, ಎರಡು, ಮೂರು” ಹೇಳಿಸಿ ಮುಗಿಸುತ್ತಾರೆ. ಅದು ಧ್ವನಿಯ ಮಟ್ಟ ನೋಡಲು ಸರಿ, ಉಜ್ಜಾಟ ಹಿಡಿಯಲು ಸಾಲದು. ಮಾತಾಡಿಸದೆ ಅಲುಗಾಡಿಸಿ. ಕುಳಿತು ಏಳಲಿ, ಎರಡೂ ಕಡೆ ತಲೆ ತಿರುಗಿಸಲಿ, ಕೈ ಕಟ್ಟಿ ಬಿಡಲಿ, ಮುಂದಕ್ಕೆ ಬಗ್ಗಲಿ. ದೃಶ್ಯದಲ್ಲಿ ಅಪ್ಪಿಕೊಳ್ಳುವುದಿದ್ದರೆ ಅಪ್ಪಿಕೊಂಡೇ ನೋಡಲಿ. ಸದ್ದು ಬಂದರೆ ಯಾವ ಚಲನೆಗೆ ಬಂತು ಅಂತ ನೋಡಿ ಅಲ್ಲಿಗೆ ಮಾತ್ರ ಪರಿಹಾರ ಮಾಡಿ. ಮಟ್ಟವನ್ನು ಜೋರು ಮಾತಿಗೆ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಇಡಿ. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಏನೂ ಯೋಚನೆ ಇಲ್ಲ ಅನ್ನುವವರಿದ್ದಾರೆ. ಅದು ಮಟ್ಟದ ತಪ್ಪನ್ನು ಕ್ಷಮಿಸುತ್ತದೆ, ಉಜ್ಜಾಟವನ್ನು ಅಷ್ಟೇ ನಿಷ್ಠೆಯಿಂದ ದಾಖಲಿಸುತ್ತದೆ. ಸಾಧ್ಯವಿದ್ದಾಗಲೆಲ್ಲ ಜೊತೆಗೆ ಒಂದು ಬೂಮ್ ಮೈಕ್, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿ ಹಿಡಿಯುವ ಮೈಕ್, ಇರಲಿ.

ಮಾತು ಮಂಕಾಗುವುದರ ಬಗ್ಗೆ. ಎದೆಯ ಮೇಲೆ ಹಿಡಿದ ಧ್ವನಿಯಲ್ಲಿ 800 ಹರ್ಟ್ಸ್ ಸುತ್ತ ಉಬ್ಬು, 3ರಿಂದ 4 ಕಿಲೋಹರ್ಟ್ಸ್ ಸುತ್ತ ತಗ್ಗು ಇರುತ್ತದೆ. ಇದು ಬಟ್ಟೆಯಿಲ್ಲದಿದ್ದರೂ ಇರುವಂಥದ್ದು. ಬಟ್ಟೆ ಅದರ ಮೇಲೆ ಇನ್ನಷ್ಟು ಮೇಲಿನ ಕಂಪನಾಂಕ ತಿನ್ನುತ್ತದೆ. ಎಡಿಟಿಂಗ್‌ನಲ್ಲಿ ಮೊದಲನೆಯದನ್ನು ಚೂರು ಇಳಿಸಿ, ಎರಡನೆಯದನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಜಾಸ್ತಿ ಏರಿಸಿದರೆ ಉಳಿದ ಸರಸರವೂ ಮೇಲೆ ಬರುತ್ತದೆ, ಹಾಗಾಗಿ ಕಟ್ಟುವುದು ಸರಿಯಾದ ಮೇಲಷ್ಟೇ ಈ ಕೆಲಸ.

ಇನ್ನು ನಿಮ್ಮ ಹಾಳಾದ ಸಂದರ್ಶನ. ಧಪ್ ಧಪ್ ಮಾತ್ರ ಆಗಿದ್ದರೆ ಸುಲಭ. 80ರಿಂದ 100 ಹರ್ಟ್ಸ್ ಕೆಳಗಿನದನ್ನು ಫಿಲ್ಟರ್‌ನಿಂದ ಕತ್ತರಿಸಿ, ಬಹುಪಾಲು ಹೋಗುತ್ತದೆ. ಕರಕರ ಹಾಗಲ್ಲ. ಅದು ಮಾತಿನ ವ್ಯಂಜನಗಳು ಇರುವ ಜಾಗದಲ್ಲೇ ಇರುತ್ತದೆ, ಒಂದನ್ನು ತೆಗೆದರೆ ಇನ್ನೊಂದೂ ಸವೆಯುತ್ತದೆ. ಐಝೋಟೋಪ್ ಆರ್‌ಎಕ್ಸ್ ಅನ್ನುವ ಧ್ವನಿ ಸರಿಪಡಿಸುವ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಡಿ-ರಸಲ್ ಅನ್ನುವ ಸಾಧನ ಇದೆ, 2017ರ ಆರ್‌ಎಕ್ಸ್ 6 ಅಡ್ವಾನ್ಸ್‌ಡ್‌ನಲ್ಲಿ ಬಂದದ್ದು. ಕಡಿಮೆ ಪ್ರಮಾಣದಲ್ಲಿ ಬಳಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಪೂರ್ತಿ ಏರಿಸಿದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ.

ಅದನ್ನು ಹಚ್ಚುವ ಮುಂಚೆ ಕೈಯಿಂದ ಒಂದು ಸುತ್ತು ಎಡಿಟ್ ಮಾಡಿ. ಮಾತಿನ ನಡುವಿನ ಬಿಡುವುಗಳಲ್ಲಿ ಬಂದಿರುವ ಸದ್ದನ್ನೆಲ್ಲ ಕತ್ತರಿಸಿ, ಅದೇ ಕೋಣೆಯ ಮೌನದ ತುಣುಕನ್ನು ಅಲ್ಲಿ ತುಂಬಿ. ರೆಕಾರ್ಡಿಂಗ್‌ನಲ್ಲೇ ಎಲ್ಲಾದರೂ ಎರಡು ಸೆಕೆಂಡಿನ ಮೌನ ಸಿಕ್ಕೇ ಸಿಗುತ್ತದೆ. ಮಾತಿನ ಮೇಲೆಯೇ ಕೂತ ಸದ್ದು ಆಮೇಲೆ ಉಳಿಯುವುದು ಬಹಳ ಕಡಿಮೆ. ಆ ಜಾಗಗಳಿಗೆ ಮಾತ್ರ ಡಿ-ರಸಲ್ ಹಚ್ಚಿ, ಅಥವಾ ಅದೇ ಪದವನ್ನು ಅವರು ಬೇರೆ ಕಡೆ ಹೇಳಿದ್ದರೆ ಅಲ್ಲಿಂದ ತಂದು ಜೋಡಿಸಿ. ಕ್ಯಾಮೆರಾದ ಸ್ವಂತ ಮೈಕ್ ಕೂಡ ಆ ದಿನ ಚಾಲೂ ಇತ್ತಾ ನೋಡಿ. ಕೋಣೆಯ ಗುಂಗು ಇದ್ದರೂ ಒಂದೆರಡು ಪದಕ್ಕೆ ಅದು ಕೆಲಸಕ್ಕೆ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಮುಖ್ಯ ವಾಕ್ಯ ಅರ್ಥವಾಗದಿದ್ದರೆ, ಅವರನ್ನು ಕೇಳಿಕೊಂಡು ಆ ವಾಕ್ಯವನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ. ಅದೇ ಮೈಕ್, ಅದೇ ಜಾಗ, ಸಾಧ್ಯವಾದರೆ ಅದೇ ಕೋಣೆ. ಆ ವಾಕ್ಯದ ಹೊತ್ತಿಗೆ ಪರದೆಯ ಮೇಲೆ ಅವರ ಮುಖದ ಬದಲು ಬೇರೆ ದೃಶ್ಯ ಹಾಕಿಕೊಳ್ಳಿ, ತುಟಿ ಹೊಂದಿಸುವ ಗೋಜೂ ಇರುವುದಿಲ್ಲ.